ಕಲೆಯಾಗದ ಅಂಗಿ

ಶಹಾಪುರದ ಕಾಲುವೆ ಕಚೇರಿಯಲ್ಲಿ ನಾನು ಇಂಜಿನಿಯರ್ ಆಗಿದ್ದಾಗ ಬಟ್ಟೆ ಒಗೆಯಲು ಕೊಡುತ್ತಿದ್ದುದು ಮರೆಪ್ಪ ಕಾಕಾರ ಲಾಂಡ್ರಿಗೆ. ಕಾಕಾ ಹನ್ನೆರಡು ವರ್ಷ ಮಲೇಷ್ಯಾದ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಆಟಗಾರರ ಬಟ್ಟೆ ಒಗೆದು ಬಂದವರು. ಒಂದು ಪಂದ್ಯವನ್ನೂ ನೋಡಿರಲಿಲ್ಲ. ಆದರೂ ಅಲ್ಲಿನ ಒಬ್ಬ ಡಿಫೆಂಡರ್‌ನ ಆಟದ ಬದುಕೆಲ್ಲ ಅವರಿಗೆ ಗೊತ್ತಿತ್ತು.

"ಗೋಲ್ ಹೊಡಿಯೋರ ಅಂಗಿ ಬರೇ ಬೆವರು ನಾರತಿದ್ದೂರಿ. ಇವಂದು ಬೆನ್ನು, ಮೊಳಕೈ ಎಲ್ಲಾ ಕೆಸರು. ಚೆಂಡಿಗೆ ಅಡ್ಡ ಬೀಳೋದ ಅವನ ಕೆಲಸ," ಎಂದರು ಒಮ್ಮೆ, ಇಸ್ತ್ರಿ ಮಾಡುತ್ತ. "ಮುಂದ ವಯಸ್ಸಾತು. ಕಡೀ ವರ್ಷ ಬೆಂಚಿನ ಮ್ಯಾಲೇ ಕುಂದ್ರಿಸಿದ್ರು. ಅಂಗಿ ಒಂದು ಕಲೆ ಇಲ್ಲದಂಗ ಬರತಿತ್ತು."

"ಆವಾಗ ಏನು ಮಾಡಿದ್ರಿ ಕಾಕಾ?"

"ಒಗೀತಿದ್ದೆರಿ. ಉಳಿದವಕ್ಕಿಂತ ಜಾಸ್ತಿ ಹೊತ್ತು ತಿಕ್ಕತಿದ್ದೆ. ಅಂವ ಆಡಿಲ್ಲಂತ ನಮ್ಮ ಲಾಂಡ್ರಿ ಮಂದಿಗರ ಯಾಕ ಗೊತ್ತಾಗಬೇಕು?"

ಇಸ್ತ್ರಿಪೆಟ್ಟಿಗೆ ಎತ್ತಿಟ್ಟರು. ಆಮೇಲೆ ನನ್ನ ಪ್ಯಾಂಟು ಮಡಚಿ ಕೈಗಿಡುತ್ತ, ಮೆತ್ತಗೆ ಹೇಳಿದರು: "ಸಾಹೇಬ್ರ, ನಿಮ್ಮ ಪ್ಯಾಂಟಿಗೂ ಕೆಸರು ಹತ್ತದೇ ತಿಂಗಳಾತು. ನಾ ಯಾರ ಮುಂದೂ ಹೇಳಿಲ್ರಿ."

ಸುರಪುರದ ಕಡೆಯ ಕಾಲುವೆಯನ್ನು ಕೊನೆಯವರೆಗೂ ನಡೆದು ನೋಡಿದ್ದೇನೆಂದು ಆ ತಿಂಗಳ ವರದಿಗೆ ನಾನು ಸಹಿ ಹಾಕಿದ್ದು ಅವತ್ತೇ ಬೆಳಿಗ್ಗೆ.