ಎಡಕ್ಕಿಟ್ಟ ಅನ್ನದ ಮರಿಗೆ

ಬಡಿಸುವುದರಲ್ಲಿ ನಮ್ಮ ಬಳಗದಲ್ಲಿ ನನಗೊಂದು ಹೆಸರಿದೆ. ಗೃಹಪ್ರವೇಶವೋ ನಾಮಕರಣವೋ, ಪಂಕ್ತಿ ಕೂತಿತೆಂದರೆ ನನ್ನ ಸೊಂಟಕ್ಕೆ ಟವೆಲ್ಲು ಬಂತೆಂದೇ ಅರ್ಥ. ಯಾರು ಉಪ್ಪಿನಕಾಯಿ ಮುಟ್ಟುವುದಿಲ್ಲ, ಯಾರು ನಾಚಿಕೊಂಡು ಎರಡನೇ ಹೋಳಿಗೆ ಬೇಡವೆನ್ನುತ್ತಾರೆ ಎಂಬುದು ಎಲೆಯ ಮುಂದೆ ಬಾಗುವಾಗಲೇ ತಿಳಿಯಬೇಕೆಂದು ದೊಡ್ಡಪ್ಪ ಕಲಿಸಿದ್ದರು. ಎಲ್ಲರೂ ಹೊಗಳಿದ್ದಾರೆ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು. ಇಪ್ಪತ್ತೆಂಟು ವರ್ಷಗಳಿಂದ ಅವಳ ಬಾಯಿಂದ ಆ ಒಂದು ಮಾತಿಗಾಗಿ ಕಾದಿದ್ದೆ. ಬಂತು, ಕ್ಯೋಟೋದಲ್ಲಿ. ಆದರೆ ನನಗಲ್ಲ, ಬೇರೆಯವರಿಗೆ.

ಅಲ್ಲಿ ಸಂಶೋಧನೆ ಮಾಡುತ್ತಿರುವ ಮಗಳನ್ನು ನೋಡಲು ಹೋಗಿದ್ದೆವು. ಕೈಸೆಕಿ ಊಟ ಮಾಡಿಸಲೇಬೇಕು ಎಂದು ಅವಳು ಹಟ ಹಿಡಿದಳು. ಆಯಾ ಋತುವಿನ ತರಕಾರಿಯನ್ನು ಒಂದೊಂದೇ ಪುಟ್ಟ ತಟ್ಟೆಯಲ್ಲಿ ಸಾಲಾಗಿ ತಂದಿಡುವ ಊಟವದು. ನಮಗೆ ಮೀನಿನ ಸಾರು ಸೋಕದಂತೆ ಮೊದಲೇ ಹೇಳಿಟ್ಟಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ, "ಅಪ್ಪ, ಪ್ಲೀಸ್, ಮಧ್ಯದಲ್ಲಿ ಎದ್ದು ಬಡಿಸೋಕೆ ಹೋಗ್ಬೇಡ" ಎಂದು ಎಚ್ಚರಿಸಿದಳು.

ಚಾಪೆ ಹಾಸಿದ ಕೋಣೆ, ಮೊಣಕಾಲೆತ್ತರದ ಮೇಜು. ಬಡಿಸಲು ಬಂದವರು ಅರವತ್ತರ ಆಸುಪಾಸಿನ ಹೆಂಗಸು, ಬೂದಿಬಣ್ಣದ ಕಿಮೋನೋ ಉಟ್ಟಿದ್ದರು. ಮೊದಲು ಎಳ್ಳಿನ ಹಾಲು ಕಾಸಿ ಗಟ್ಟಿಮಾಡಿದ ಒಂದು ಬಿಲ್ಲೆ ಬಂತು.

"ನೋಡಿ ರೀ, ತಟ್ಟೆ ಇಟ್ಟಿದ್ದು ಸದ್ದೇ ಆಗ್ಲಿಲ್ಲ" ಎಂದಳು ಹೆಂಡತಿ.

"ಇಷ್ಟೇ ಇಷ್ಟು ಇಡೋಕೆ ಸದ್ದು ಯಾಕಾಗುತ್ತೆ? ನೂರು ಜನಕ್ಕೆ ಹುಳಿ ಬಡಿಸ್ಲಿ, ನೋಡೋಣ."

ಎರಡನೆಯದು ಮುಚ್ಚಳದ ಬಟ್ಟಲಲ್ಲಿ ತಿಳಿಸಾರು. "ಕುಡಿಯೋ ಹದಕ್ಕೇ ಬಿಸಿ ಇದೆ. ನಿಮ್ಮ ಹಾಗೆ ನಾಲಿಗೆ ಸುಡೋದಲ್ಲ" ಎಂದಳು. ಮಗಳು ಬಟ್ಟಲಿನ ಹಿಂದೆ ನಗು ಮುಚ್ಚಿಕೊಂಡಳು.

ಮೂರನೆಯದು ಸುಟ್ಟ ಬದನೆಕಾಯಿ. ಮೇಲೆ ಸುರಿದುಕೊಳ್ಳಲು ಒಬ್ಬೊಬ್ಬರಿಗೂ ಕೊಕ್ಕಿರುವ ಪುಟ್ಟ ಮಣ್ಣಿನ ಪಾತ್ರೆಯಲ್ಲಿ ರಸ.

"ಅಪ್ಪ, ನೋಡಿದ್ಯಾ? ಅಮ್ಮಂದು ಮಾತ್ರ ಉಲ್ಟಾ ಇಟ್ಟಿದ್ದಾರೆ."

ಹೌದು. ನನ್ನ ಪಾತ್ರೆ ತಟ್ಟೆಯ ಬಲಕ್ಕಿತ್ತು, ಅವಳದು ಎಡಕ್ಕೆ. ಊಟದ ಕಡ್ಡಿಗಳ ತುದಿಯೂ ಇನ್ನೊಂದು ದಿಕ್ಕಿಗೆ ತಿರುಗಿತ್ತು. ಮಗಳು ಜಪಾನಿಯಲ್ಲಿ ಏನೋ ಕೇಳಿದಳು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಉತ್ತರಿಸಿ, ತಲೆ ಬಾಗಿಸಿದರು.

"ಅಮ್ಮ ಬಟ್ಟಲಿನ ಮುಚ್ಚಳ ಎಡಗೈಯಲ್ಲಿ ತೆಗೆದ್ಲಂತೆ, ಆಗ ಗೊತ್ತಾಯ್ತಂತೆ. ಮೊದಲನೇ ತಟ್ಟೆಗೇ ಗಮನಿಸಬೇಕಿತ್ತು, ಕ್ಷಮಿಸಿ ಅಂತಿದ್ದಾರೆ."

ಎರಡೇ ತಟ್ಟೆಗೆ ಕಂಡುಹಿಡಿದುಬಿಟ್ಟರು! ಅವಳದು ಎಡಗೈ ಎಂದು ನನಗೇನು ಗೊತ್ತಿರಲಿಲ್ಲವೆ? ಹುರುಳಿಕಾಯಿ ಹೆಚ್ಚುವುದು ಎಡಗೈಯಲ್ಲಿ, ರಂಗೋಲಿ ಎಳೆಯುವುದು ಎಡಗೈಯಲ್ಲಿ. ಉಣ್ಣುವುದು ಬಡಿಸುವುದು ಮಾತ್ರ, ಚಿಕ್ಕವಳಿದ್ದಾಗ ತಿಂದ ಏಟಿನಿಂದಾಗಿ, ಬಲಗೈಯಲ್ಲಿ. ಇಲ್ಲಿ ಕಡ್ಡಿ ಹಿಡಿಯಲು ಎಡಗೈ ಮುಂದೆ ಮಾಡಿದಾಗ ಏಟು ಕೊಡುವವರು ಯಾರೂ ಇರಲಿಲ್ಲ. ನಾನು ಅದನ್ನೂ ಕಂಡಿದ್ದೆ. ಕಂಡು ಸುಮ್ಮನಿದ್ದೆ, ಅಷ್ಟೆ.

ಅವಳು ಎಡಗೈಯಿಂದ ರಸ ಸುರಿದುಕೊಂಡಳು. ಒಂದು ತೊಟ್ಟೂ ಆಚೆ ಹೋಗಲಿಲ್ಲ. "ಇವರು ಬಡಿಸಿದ ಹಾಗೆ ನಂಗೆ ಯಾರೂ ಬಡಿಸಿಲ್ಲ" ಎಂದಳು, ಬದನೆಕಾಯಿ ನೋಡುತ್ತಾ.

ಆಮೇಲಿನ ಮೂರು ತಟ್ಟೆಗಳ ರುಚಿ ನನ್ನನ್ನು ಕೇಳಬೇಡಿ. ಆಕೆಯ ಕೈ ಒಮ್ಮೆಯಾದರೂ ನಡುಗಲಿ, ಒಂದು ಹನಿಯಾದರೂ ಮೇಜಿಗೆ ಬೀಳಲಿ ಎಂದು ಕಣ್ಣಿಟ್ಟು ಕೂತಿದ್ದೆ. ಬೀಳಲಿಲ್ಲ. ನನ್ನ ನೆನಪಿಗೆ ಬಂದದ್ದು ಹಿಂದೊಮ್ಮೆ ಚೆಲ್ಲಿದ್ದು. ಮದುವೆಯಾದ ಹೊಸತು, ನಮ್ಮ ಮನೆಯ ಸತ್ಯನಾರಾಯಣ ಪೂಜೆಯ ದಿನ ಅವಳು ತುಪ್ಪ ಬಡಿಸುತ್ತಿದ್ದಳು. ಒಗ್ಗದ ಬಲಗೈಯಲ್ಲಿ ಮಿಳ್ಳೆ ವಾಲಿ, ತುಪ್ಪ ಹಿರಿಯರೊಬ್ಬರ ಪಂಚೆಯ ಮೇಲೆ ಸುರಿಯಿತು. ಪಂಕ್ತಿಯೆಲ್ಲ ನಕ್ಕಿತು. ನಾನು, "ಕೊಡಿಲ್ಲಿ, ನಿನ್ನ ಕೈಯಲ್ಲಿ ಆಗಲ್ಲ" ಎಂದು ಮಿಳ್ಳೆ ಕಸಿದುಕೊಂಡೆ. ಅಂದಿನಿಂದ ಅವಳು ಅಡುಗೆಮನೆಯಲ್ಲಿ, ನಾನು ಪಂಕ್ತಿಯಲ್ಲಿ. ನನ್ನ ಹೆಸರು ಶುರುವಾದದ್ದೇ ಅಲ್ಲಿಂದ.

ಕೊನೆಗೆ ಅನ್ನ ಬಂತು. ಆಕೆ ಮುಚ್ಚಿದ ಮರದ ಮರಿಗೆಯನ್ನು, ಮೇಲೊಂದು ಮರದ ಸೌಟನ್ನು ಇಟ್ಟು, ಬೇಕಾದಷ್ಟು ಹಾಕಿಕೊಳ್ಳಿ ಎಂದು ಹೊರಗೆ ಹೋದರು. ಅಭ್ಯಾಸಬಲ, ನಾನು ಎದ್ದು ಕೈ ಚಾಚಿದೆ. ಎಟುಕಲಿಲ್ಲ. ಮರಿಗೆ ನನ್ನ ಹೆಂಡತಿಯ ಎಡ ಮಗ್ಗುಲಲ್ಲಿತ್ತು. ಸೌಟಿನ ಹಿಡಿಯೂ ಅವಳ ಕಡೆಗೇ.

"ಅಪ್ಪ, ಏನಂದಿದ್ದೆ ನಾನು?" ಎಂದಳು ಮಗಳು.

ಕೂತೆ. ನನ್ನ ಬಟ್ಟಲನ್ನು ಹೆಂಡತಿಯ ಮುಂದೆ ಹಿಡಿದೆ. "ನೀನೇ ಬಡಿಸು."

ಅವಳು ನನ್ನ ಮುಖ ನೋಡಿದಳು. "ಯಾವ ಕೈಯಲ್ಲಿ?"

"ನಿನಗೆ ಬರೋ ಕೈಯಲ್ಲಿ."

"ಚೆಲ್ಲಿದ್ರೆ?"

"ಚೆಲ್ಲು. ಪಂಚೆ ಉಟ್ಕೊಂಡು ಬಂದಿಲ್ಲ."

ಅವಳು ನಗಲಿಲ್ಲ. ತುಪ್ಪದ ದಿನ ನನಗೂ ನೆನಪಾಗಿದೆಯೆಂದು ಅವಳಿಗೆ ತಿಳಿಯಿತು. ಎಡಗೈಯಿಂದ ಅನ್ನ ತೆಗೆದು, ಬಟ್ಟಲಿನ ಅಂಚಿಗೆ ಒಂದು ಅಗುಳೂ ಅಂಟದ ಹಾಗೆ ಹಾಕಿದಳು. ಸಾಕೆಂದರೂ ಇನ್ನೊಂದು ಸಲ ಹಾಕಿದಳು.

"ಚೆನ್ನಾಗಿ ಬಡಿಸ್ತೀಯ" ಎಂದೆ.

"ಗೊತ್ತು" ಎಂದಳು.

ಹೊರಡುವಾಗ ಆಕೆ ಬೀದಿಯವರೆಗೆ ಬಂದು, ನಾವು ತಿರುವು ದಾಟುವ ತನಕ ಬಾಗಿಯೇ ನಿಂತಿದ್ದರು. ನನ್ನ ಹೆಂಡತಿ ಮೂರು ಸಲ ತಿರುಗಿ ನೋಡಿದಳು. ಊರಲ್ಲಿ ನನ್ನನ್ನು ರೈಲು ಹತ್ತಿಸಿ ಮನೆಗೆ ಹೊರಟಾಗ ಅವಳು ಒಮ್ಮೆಯೂ ಹಾಗೆ ತಿರುಗಿದ್ದು ನಾನು ಕಂಡಿಲ್ಲ.