ಮುಖವಿಲ್ಲದ ಅವ್ವ

ಆದೋನಿಯ ನನ್ನ ಬಾಡಿಗೆ ಮನೆಯ ಪಕ್ಕದವರು ಅಡುಗೆಮನೆಗೆ ಕಲ್ಲು ಹಾಕಿಸುತ್ತಿದ್ದಾರೆ. ಕರಿಕಲ್ಲಿನ ಮೇಲೆ ನೀರು ಬಿಟ್ಟು ಮಿಷನ್ನಿನಿಂದ ಕೊಯ್ಯುವಾಗ ಒಂದು ವಾಸನೆ ಏಳುತ್ತದೆ. ತಣ್ಣನೆಯ, ತುಸು ಸುಟ್ಟಂತಿರುವ, ನಾಲಿಗೆಯ ಮೇಲೆ ಹಿಟ್ಟಿನಂತೆ ಕೂರುವ ವಾಸನೆ. ಅದು ಕಿಟಕಿಯಿಂದ ಒಳಗೆ ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಬಿಟ್ಟೆ. ಕೋಸಗಿಯ ನಮ್ಮ ಹಳೆಯ ಮನೆಯಲ್ಲಿ ರೊಟ್ಟಿ, ಕೌದಿ, ಅಜ್ಜಿಯ ಸೆರಗು ಎಲ್ಲದಕ್ಕೂ ಇದೇ ವಾಸನೆ ಇತ್ತು. ನಿಮ್ಮ ಬಾಲ್ಯಕ್ಕೂ ಹೀಗೊಂದು ವಾಸನೆ ಇದ್ದೀತು. ಅದು ಬಂದರೂ ಆ ಮನೆ ತಿರುಗಿ ಬರುವುದಿಲ್ಲ ಅನ್ನುವುದು ನಿಮಗೂ ಗೊತ್ತಿದ್ದೀತು.

ಆ ವಾಸನೆ ಈರಮ್ಮತ್ತೆಯದು, ನನ್ನ ಅಪ್ಪನ ತಂಗಿಯದು. ಹಾಸ್ಟೆಲಿನಲ್ಲಿ ಓದುವಾಗ ಆಕೆ ಬಿಡಿಸುತ್ತಿದ್ದ ಚಿತ್ರ ನೋಡಿ ಮೇಷ್ಟ್ರೊಬ್ಬರು ಹೈದರಾಬಾದಿನ ಕಲಾ ಕಾಲೇಜಿಗೆ ಕಳಿಸಿದ್ದರು. ಅಲ್ಲಿ ಶಿಲ್ಪ ಕಲಿತು, ಒಂದೆರಡು ಪ್ರದರ್ಶನದಲ್ಲಿ ಹೆಸರನ್ನೂ ಮಾಡಿ, ಆಕೆ ಊರಿಗೇ ವಾಪಸು ಬಂದಳು. ಯಾಕೆ ಬಂದಿ ಅಂದವರಿಗೆ, "ನನ್ನ ಕಲ್ಲು ಇಲ್ಲೇ ಅದಾವ" ಅನ್ನುತ್ತಿದ್ದಳು. ಅಜ್ಜ ತೀರಿಕೊಂಡ ಮೇಲೆ ಕುರಿಗಳು ಹೋಗಿ ಖಾಲಿ ಬಿದ್ದಿದ್ದ ಹಿತ್ತಲಿನ ದೊಡ್ಡಿಯೇ ಆಕೆಯ ಕೆಲಸದ ಜಾಗವಾಯಿತು. ಬಾಯಿಗೆ ಹಳೆ ಸೀರೆಯ ತುಂಡು ಕಟ್ಟಿಕೊಂಡು, ಕಾಲು ಚಾಚಿ ಕೂತು, ಉಳಿ ಸುತ್ತಿಗೆ ಹಿಡಿದು ದಿನವಿಡೀ ಬಡಿಯುತ್ತಿದ್ದಳು. ಆಕೆ ಕೆತ್ತಿದ ಕುರಿಗೆ ಕಾಲಿರುತ್ತಿರಲಿಲ್ಲ, ಬಾಗಿದ ಬೆನ್ನೊಂದೇ. ಆದರೂ ಕಣ್ಣು ಕಾಣದ ಅಜ್ಜಿ ಅದರ ಮೇಲೆ ಕೈಯಾಡಿಸಿ, "ಇದು ಮಲಗೈತಿ, ಎಬ್ಬಿಸಬ್ಯಾಡ್ರಿ" ಅಂದಿದ್ದಳು.

ನಮ್ಮ ಕಡೆ ಕೂಲಿಗಾಗಿ ದೂರ ಹೋಗುವುದನ್ನು ಸುಗ್ಗಿಗೆ ಹೋಗುವುದು ಅನ್ನುತ್ತಾರೆ. ಪ್ರತಿ ವರ್ಷ ಅಪ್ಪ ಅವ್ವ ಗುಂಟೂರಿನ ಕಡೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದರು. ಚಿಕ್ಕವಳಾದ ನಾನು ಅತ್ತೆಯ ಹತ್ತಿರ ಉಳಿಯುತ್ತಿದ್ದೆ. ಸ್ಟೇಷನ್ನಿನ ಕಟ್ಟೆಯ ಮೇಲೆ ಊರಿಗೆ ಊರೇ ಗಂಟು ಮೂಟೆ ಇಟ್ಟುಕೊಂಡು ಕೂತಿರುತ್ತಿತ್ತು. ಅಂಥ ಒಂದು ಬೆಳಿಗ್ಗೆ, ಗಂಟಿನ ಮೇಲೆ ಕೂತು ರೈಲು ಬರುವ ದಿಕ್ಕನ್ನೇ ನೋಡುತ್ತಿದ್ದ ಅವ್ವನನ್ನು ಅತ್ತೆ ಹಿಂದಿನಿಂದ ಕಾಗದದ ಮೇಲೆ ಬಿಡಿಸಿಕೊಂಡಳು. ಆಮೇಲೆ ಬೆಟ್ಟದ ಬುಡದಿಂದ ಆಳೆತ್ತರದ ಕರಿಕಲ್ಲು ತರಿಸಿದಳು. ಕಲ್ಲಿನೊಳಗಿಂದ ನಿಧಾನವಾಗಿ ಗಂಟು ಬಂತು, ಸೆರಗಿನ ಮಡಿಕೆ ಬಂತು, ಅವ್ವನ ಒಂದು ಕಡೆ ಇಳಿದ ಭುಜ ಬಂತು. ಮುಖ ಬರಬೇಕಾದ ಜಾಗ ಮಾತ್ರ ನುಣ್ಣಗೆ ಹಾಗೇ ಉಳಿಯಿತು.

"ಅತ್ತಿ, ಅವ್ವನ ಮುಖ ಯಾಕ ಮಾಡವಲ್ಲಿ?" ಎಂದು ಕೇಳಿದೆ.

ಆಕೆ ಉಳಿ ಕೆಳಗಿಟ್ಟು ಹೇಳಿದಳು. "ಸ್ಟೇಷನ್ನಿನಾಗ ಅಷ್ಟು ಮಂದಿ ನೋಡ್ತೀಯಲ್ಲ, ಯಾರ ಮುಖ ನೆನಪೈತಿ ನಿನಗ? ಹೋಗೋರ ಬೆನ್ನೇ ನಮಗ ಉಳಿಯೋದವ್ವ."

ಆ ವರ್ಷ ಅವ್ವ ತಿರುಗಿ ಬರಲಿಲ್ಲ. ಹೊಲದಲ್ಲಿ ಜ್ವರ ಬಂದು, ದವಾಖಾನೆ ಸೇರುವ ಮೊದಲೇ ಹೋಗಿದ್ದಳು. ಹೆಣ ತರುವ ಅನುಕೂಲವಿಲ್ಲದೆ ಅಪ್ಪ ಅಲ್ಲೇ ಯಾವುದೋ ಕಾಲುವೆಯ ದಂಡೆಗೆ ಮಣ್ಣು ಮಾಡಿ ಒಬ್ಬನೇ ಬಂದ. ಮನೆಯೊಳಗೆ ಬಾರದೆ ನೇರ ದೊಡ್ಡಿಗೆ ಹೋಗಿ, ಆ ಕಲ್ಲನ್ನು ಕಂಡು, ಗಂಟು ಕೆಳಗಿಳಿಸಿ ಅದರ ಹಿಂದೆ ಕೂತ. ಅತ್ತೆ ಅನ್ನ ತಂದಿಟ್ಟರೆ, "ಆಕಿ ಕುಂತಾಳ, ನಾನೂ ಕುಂದರ್ತೀನಿ" ಎಂದ. ನಮಗೆ ಸಮಾಧಿ ಇರಲಿಲ್ಲ, ಒಂದು ಫೋಟೋವೂ ಇರಲಿಲ್ಲ. ಅಂದಿನಿಂದ ಆ ಕಲ್ಲೇ ಅವ್ವ.

ಅದನ್ನು ಸ್ಟೇಷನ್ನಿನ ಮುಂದಿನ ಬಯಲಿನಲ್ಲಿ ನಿಲ್ಲಿಸಬೇಕು, ಸುಗ್ಗಿಗೆ ಹೋದವರೆಲ್ಲರ ನೆನಪಿಗೆ ಅದು ಅಲ್ಲಿರಬೇಕು ಎಂದು ಅತ್ತೆಗೆ ಆಸೆ. ಊರಿನ ದೊಡ್ಡವರು ಮೊದಲು ಒಪ್ಪಿದರು. ನೋಡಲು ಬಂದ ದಿನ ಅವರಲ್ಲೊಬ್ಬರು ಕಲ್ಲನ್ನು ಒಂದು ಸುತ್ತು ಹಾಕಿ, "ಮುಖಂ ಏದಮ್ಮಾ?" ಎಂದು ತೆಲುಗಿನಲ್ಲಿ ಕೇಳಿದರು, ಮುಖ ಎಲ್ಲಿ ಎಂದು. ಮುಖ ಮಾಡಿಕೊಡು, ನಾಳೆಯೇ ನಿಲ್ಲಿಸುತ್ತೇವೆ ಎಂದರು. ಅತ್ತೆ ತಲೆಯಾಡಿಸಿದಳು. "ಮುಖ ಮಾಡಿದ್ರ ಒಬ್ಬಾಕಿ ಆಗ್ತಾಳ್ರಿ. ಇಲ್ಲಂದ್ರ ಎಲ್ಲಾರೂ ಆಗ್ತಾರ." ಅವರು ನಗುತ್ತ ಎದ್ದು ಹೋದರು. ಆಮೇಲೆ ಆ ಮಾತನ್ನು ಯಾರೂ ಎತ್ತಲಿಲ್ಲ.

ಅಲ್ಲಿಂದ ಅತ್ತೆ ಒಳಗೊಳಗೇ ಕುಸಿದಳು. ಮನೆ ನಡೆಯಬೇಕಿತ್ತು. ಸುತ್ತಲ ಹಳ್ಳಿಗಳವರಿಗೆ ಬೆರಳು ಚಾಚಿ ನಿಂತ ಮುಖಂಡರ ಸಿಮೆಂಟು ಮೂರ್ತಿಗಳನ್ನು ಮಾಡಿಕೊಡತೊಡಗಿದಳು. ಎಲ್ಲಕ್ಕೂ ಮೀಸೆ, ಕನ್ನಡಕ, ಮುಖ. ಬಣ್ಣ ಬಳಿಯುವಾಗ ಒಮ್ಮೆಯೂ ಅವುಗಳ ಕಣ್ಣು ನೋಡುತ್ತಿರಲಿಲ್ಲ. ಅಷ್ಟು ವರ್ಷ ಕುಡಿದ ಕಲ್ಲಿನ ಧೂಳು ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಮೊದಲು ಸುತ್ತಿಗೆ ಎತ್ತಲಾಗದೆ ಹೋಯಿತು, ಆಮೇಲೆ ಕೊಡ ಎತ್ತಲಾಗದೆ, ಕೊನೆಗೆ ಮಾತು ಮುಗಿಸಲಾಗದೆ. ಆದೋನಿಯ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು, ಉಸಿರು ಸಿಕ್ಕಾಗ ಸಿಕ್ಕಷ್ಟು, ಕೇಳಿದಳು. "ನಿಮ್ಮವ್ವಗ ಮುಖ ಕೊಟ್ಟಿದ್ರ ಚೊಲೊ ಇತ್ತೇನ?"

"ಇಲ್ಲತ್ತಿ, ನೀ ಮಾಡಿದ್ದೇ ಸರಿ" ಎಂದೆ. ಆಕೆ ನಂಬಿದಂತೆ ಕಾಣಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದಳು. ಆ ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

ಅಣ್ಣತಮ್ಮಂದಿರ ಹಂಚಿಕೆಯಲ್ಲಿ ಮನೆ, ದೊಡ್ಡಿ ಎಲ್ಲ ದೊಡ್ಡಪ್ಪನ ಪಾಲಿಗೆ ಬಂದಿತ್ತು. ಆತ ಮಾರಿದ. ಕೊಂಡವರು ಹೊಸ ಮನೆಗೆ ಪಾಯ ತೆಗೆಸಿ, ಅದಕ್ಕೆ ತುಂಬಲು ದೊಡ್ಡಿಯಲ್ಲಿದ್ದ ಕಲ್ಲುಗಳನ್ನೆಲ್ಲ ಒಡೆಸಿದರು. ನಾನಾಗ ಕರ್ನೂಲಿನಲ್ಲಿ ನರ್ಸಿಂಗ್ ಓದುತ್ತಿದ್ದೆ. ಅಪ್ಪನ ಫೋನ್ ಬಂತು. "ಒಡೆದ್ರವ್ವ" ಎಂದ. ಕಲ್ಲೊಡೆಯುವವರ ಮುಂದೆ ಕೈ ಮುಗಿದು, ಅದೊಂದನ್ನು ಬಿಡಿ ಎಂದು ಕೇಳಿದ್ದನಂತೆ. ಅವರೇನೂ ಕೆಟ್ಟವರಲ್ಲ. "ದೇವ್ರಾದ್ರ ಮುಟ್ತಿದ್ದಿಲ್ಲ ಯಜಮಾನ. ಇದಕ ಮುಖಾನ ಇಲ್ಲ, ಬರೇ ಕಲ್ಲು ಐತಿ" ಎಂದು ಬೆಣೆ ಇಟ್ಟು ಬಡಿದರಂತೆ. ಕಲ್ಲು ಭುಜದ ಹತ್ತಿರ ಮೊದಲು ಸೀಳಿತು ಎಂದ ಅಪ್ಪ. ಹೋದ ಬೇಸಿಗೆಯಲ್ಲಿ ಆತನೂ ತೀರಿಕೊಂಡ.

ಅತ್ತೆಗೆ ನಾನು ಕೊಟ್ಟ ಉತ್ತರ ಈಗ ನನಗೇ ಖಾತ್ರಿಯಿಲ್ಲ. ಅವ್ವನ ಮುಖವೂ ನೆನಪಿಲ್ಲ. ಅದನ್ನು ಹತ್ತಿರದಿಂದ ಕಂಡಿದ್ದ ಅಪ್ಪ, ಅತ್ತೆ ಇಬ್ಬರ ಕಣ್ಣುಗಳೂ ಮುಚ್ಚಿವೆ. ಮೊನ್ನೆ ಕೋಸಗಿಗೆ ಹೋಗಿ ಆ ಮನೆಯ ಮುಂದೆ ನಿಂತಿದ್ದೆ. ಗೋಡೆಗೆ ಹಸಿರು ಬಣ್ಣ, ಬಾಗಿಲಿಗೆ ತೋರಣ, ಮೆಟ್ಟಿಲ ಮೇಲೆ ಮಕ್ಕಳ ಚಪ್ಪಲಿ. ಅವ್ವ ಯಾವ ಗೋಡೆಯ ಅಡಿಯಲ್ಲಿದ್ದಾಳೋ ತಿಳಿಯಲಿಲ್ಲ. ಮನೆಯಾಕೆ ಹೊರಗೆ ಬಂದು, "ಎವರು ಕಾವಾಲಮ್ಮಾ?" ಎಂದು ಕೇಳಿದಳು, ಯಾರು ಬೇಕಾಗಿತ್ತು ಎಂದು.

ಯಾರೂ ಇಲ್ಲ ಎಂದು ಹೇಳಿ ಹೊರಟು ಬಂದೆ.