ಪಂಪಿಗೆ ಗಾಳಿ ಹಿಡಿದಾಗ

ಗುಳೇದಗುಡ್ಡದಿಂದ ಇಳಕಲ್ಲಿಗೆ ಸಾಮಾನ ಹೇರಕೊಂಡ ಹೊಂಟಿದ್ದೆ. ಬಾಜೂ ಸೀಟಿನ್ಯಾಗ ದಾರಿಯಾಗ ಕೈ ಮಾಡಿ ಹತ್ತಿದ, ಗುರುತಿಲ್ಲದ ಒಬ್ಬ ಅಜ್ಜಿ. ಮಧ್ಯಾಹ್ನ ಬಸುರಿ ಮೊಮ್ಮಗಳ ಕುಬಸ, ಅಂದ್ರ ಸೀಮಂತ ಇತ್ತು, ಅದಕ್ಕ ಉಡಿ ತುಂಬಾಕ ತಾನ ನೇಯ್ದ ರವಿಕಿ ಖಣ ಒಯ್ಯಾಕತ್ತಿದ್ಳು. ಗುಡೂರ ದಾಟಿದ್ದ ತಡ, ನನ್ನ ಹಳೇ ಡೀಸೆಲ್ ಪಿಕಪ್ ಎರಡ ಸಲ ಕೆಮ್ಮಿ ನಿಂತ ಬಿಡ್ತು.

ಕಾಲೇಜ್ ಬಿಟ್ಟ ಮ್ಯಾಲೆ ನಂಗ ಪಾಠ ಹೇಳಾವ ಅಂದ್ರ ನಮ್ಮ ಮೆಕ್ಯಾನಿಕ್ ಒಬ್ಬನ. ಅವಗ ಸ್ಪೀಕರ್ ಹಾಕಿ ಫೋನ್ ಹಚ್ಚಿದೆ.

"ಲೇ, ಪಂಪಿಗೆ ಗಾಳಿ ಹಿಡದೈತಿ!" ಅಂದ.

ಅವ ಹೇಳಿದ್ದು ಡೀಸೆಲ್ ಪೈಪಿನ್ಯಾಗ ಗಾಳಿ ಹೊಕ್ಕೈತಿ ಅಂತ. ಅಜ್ಜಿ ದೆವ್ವ ಅಂತ ತಿಳಕೊಂಡ್ಳು.

"ಅಯ್ಯ ಶಿವನ! ಆಗಳೆ ಗಾಡಿ ನಿಲ್ಸಿದಾಗ ಹುಣಸಿ ಗಿಡದ ಬುಡಕ ಉಚ್ಚಿ ಹೊಯ್ಯಬ್ಯಾಡ ಅಂದಿದ್ನಿಲ್ಲೋ?"

ನೋಡಿದ್ರ ಪಂಪಿನ ಪೈಪಿಂದು ಕ್ಲಿಪ್ ಸಡಲಾಗಿತ್ತು. ಅದನ್ನ ಬಿಗಿ ಮಾಡಿ, ಗಾಳಿ ಬಿಡೋ ಸ್ಕ್ರೂ ಸಡಲಿಸಿ, ಕೈಲೆ ಪಂಪ್ ಒತ್ತಾಕತ್ತಿದೆ. ಬುಸುಬುಸು ಬುರುಗು ಬಂತು.

"ನೋಡ ನೋಡ, ಬಾಯಾಗ ಬುರುಗು! ಬಿಡಬ್ಯಾಡ ಅದನ್ನ!"

"ಸಾಕ ಬಿಡ ಯವ್ವಾ, ಕೈ ಸೋತಾವು."

"ಬುರುಗು ನಿಲ್ಲೂತನಕ ಒತ್ತೋ ಹುಚ್ಚಪ್ಯಾಲಿ! ಖಣ ಇಲ್ದ ಕುಬಸ ಮಾಡ್ತಾರೇನ?"

ಒತ್ತಿದೆ. ಬುರುಗು ಹೋಗಿ ಬರೇ ಡೀಸೆಲ್ ಬಂತು. ಸ್ಕ್ರೂ ಬಿಗಿದು ಕೀ ತಿರುವಿದೆ, ಗಾಡಿ ಗುರ್ರ್ ಅಂತು. ಖರೆ ಹೇಳ್ತೇನಿ, ಅರ್ಧಕ್ಕ ಬಿಟ್ಟಿದ್ರ ಚಾಲೂನ ಆಗ್ತಿರಲಿಲ್ಲ.

ನಾವು ಹೋದಾಗ ಆರತಿ ಇನ್ನೂ ಎತ್ತಿರಲಿಲ್ಲ. ಅಜ್ಜಿ ಮೊಮ್ಮಗಳ ಉಡಿಯಾಗ ಖಣ ಹಾಕಿ, ಮಂದಿಗೆಲ್ಲಾ ನನ್ನ ತೋರ್ಸಿ, "ಈ ಹುಡುಗ ಗಾಳಿ ಬಿಡಸ್ತಾನ," ಅಂದ್ಳು.

ಮರುದಿನ ಯಾರೋ ಫೋನ್ ಮಾಡಿದ್ರು: "ನಮ್ಮ ಎಮ್ಮಿಗೂ ಗಾಳಿ ಹಿಡದೈತ್ರಿ, ಬರ್ತೀರೇನು?"

ಎಮ್ಮಿಗೆ ಸ್ಕ್ರೂ ಎಲ್ಲಿರತೈತಿ, ಯಾರಿಗರೆ ಗೊತ್ತಿದ್ರ ಹೇಳ್ರಿ.